ಗಬ್ಬ ನಿಲ್ಲದ ಹಸು: ಮಾರುವ ಮೊದಲು ದೋಷ ಎಲ್ಲಿದೆಯೆಂದು ಹುಡುಕುವ ಕ್ರಮ

ಗಬ್ಬ ನಿಲ್ಲದ ಹಸುವನ್ನು ಮಾರಿಬಿಡಬೇಕೆಂಬ ತೀರ್ಮಾನವನ್ನು ನಮ್ಮಲ್ಲಿ ಹೆಚ್ಚಿನವರು ತೆಗೆದುಕೊಳ್ಳುವುದು ಹಾಲು ಮೂರು ನಾಲ್ಕು ಲೀಟರಿಗೆ ಇಳಿದ ಮೇಲೆ. ಆ ಹೊತ್ತಿಗೆ ಚಿಕಿತ್ಸೆಗೆ ಅನುಕೂಲವಾಗಿದ್ದ ದಿನಗಳು ಕಳೆದಿರುತ್ತವೆ, ಹಸುವಿಗೆ ಸಿಗಬಹುದಾಗಿದ್ದ ಬೆಲೆಯೂ ಕರಗಿರುತ್ತದೆ. ದೋಷ ಹಸುವಿನಲ್ಲಿದೆಯೋ, ಮೇವಿನಲ್ಲಿದೆಯೋ, ಇಂಜೆಕ್ಷನ್ (ವೀರ್ಯವನ್ನು ಗರ್ಭಕೋಶಕ್ಕೆ ಸೇರಿಸುವ ಕೃತಕ ಗರ್ಭಧಾರಣೆ) ಕೊಡಿಸಿದ ಹೊತ್ತಿನಲ್ಲಿದೆಯೋ ಅಥವಾ ನೋಡುವವರ ಕಣ್ಣಿನಲ್ಲಿದೆಯೋ ಎಂಬುದು ತಿಳಿಯದೆಯೇ ಹಸು ಮನೆಯಿಂದ ಹೊರಡುತ್ತದೆ, ಅದೇ ದೋಷ ಮುಂದಿನ ಹಸುವನ್ನೂ ಹಿಡಿಯುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ಮಂಡ್ಯ, ಹಾಸನದ ಕಡೆ ಮೂರರಿಂದ ಹದಿನೈದು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಅಥವಾ ಜೆರ್ಸಿ ಮಿಶ್ರತಳಿ ಹಸುಗಳನ್ನು ಕೊಟ್ಟಿಗೆಯಲ್ಲಿ ಕಟ್ಟಿ ಸಾಕುವ ರೈತರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕೈಪಿಡಿಯನ್ನು ಬರೆದಿದ್ದೇನೆ. ಔಷಧ ಕೊಡುವುದು ಪಶು ವೈದ್ಯರ ಕೆಲಸ. ಆದರೆ ವೈದ್ಯರು ಬರುವ ಮೊದಲು ದೋಷವನ್ನು ಅರ್ಧದಷ್ಟು ಪತ್ತೆ ಮಾಡಬಲ್ಲವರು ದಿನವೂ ಹಸುವಿನ ಜೊತೆಗಿರುವ ನಾವೇ.

ಮೊದಲು ದಿನಗಳನ್ನು ಎಣಿಸಿ

ಹಸುವಿನ ಗರ್ಭಾವಧಿ ಸುಮಾರು 280 ದಿನ. ವರ್ಷಕ್ಕೊಂದು ಕರು ಬೇಕೆಂದರೆ ಕರು ಹಾಕಿದ 85 ದಿನಗಳೊಳಗೆ ಗಬ್ಬ ನಿಲ್ಲಬೇಕು, ಹದಿಮೂರು ತಿಂಗಳಿಗೊಂದು ಕರು ಸಾಕೆಂದರೆ ಸುಮಾರು 115 ದಿನಗಳೊಳಗೆ ನಿಲ್ಲಬೇಕು. ಕರು ಹಾಕಿದ ಮೇಲೆ ಗರ್ಭಕೋಶ ತನ್ನ ಮೊದಲಿನ ಗಾತ್ರಕ್ಕೆ ಮರಳಲು 40ರಿಂದ 45 ದಿನಗಳು ಬೇಕಾಗುವುದರಿಂದ, ಅದಕ್ಕಿಂತ ಮುಂಚೆ ಕಾಣಿಸಿಕೊಂಡ ಬೆದೆಯನ್ನು (ಹಸು ಗಬ್ಬವಾಗಲು ಸಿದ್ಧವಾಗುವ ಹೊತ್ತನ್ನು) ಬರೆದಿಟ್ಟುಕೊಳ್ಳಬೇಕೇ ಹೊರತು ಆತುರದಲ್ಲಿ ಇಂಜೆಕ್ಷನ್ ಕೊಡಿಸಬಾರದು. ಹೀಗಾಗಿ 60 ದಿನಗಳವರೆಗೆ ಹಸು ಖಾಲಿಯಿರುವುದು ದೋಷವಲ್ಲ. 90 ದಿನ ಕಳೆದರೂ ಬೆದೆಯೇ ಕಾಣದಿದ್ದರೆ, ಇಲ್ಲವೇ ಮೂರು ಸಲ ಇಂಜೆಕ್ಷನ್ ಕೊಡಿಸಿದರೂ ತಿರುಗಿ ಬೆದೆಗೆ ಬಂದರೆ, ಅಲ್ಲಿಂದ ದೋಷ ಹುಡುಕುವ ಕೆಲಸ ಶುರುವಾಗಬೇಕು.

ಇದಕ್ಕೆ ಬೇಕಾದ ಉಪಕರಣ ಒಂದೇ, ಒಂದು ನೋಟ್‌ಬುಕ್. ಹಸುವಿಗೊಂದು ಪುಟ ಬಿಟ್ಟು, ಕರು ಹಾಕಿದ ದಿನ, ಕಸ (ಕರುವಿನ ಹಿಂದೆ ಬೀಳುವ ಮಾಸು) ತಾನಾಗಿ ಬಿತ್ತೋ ಕೈ ಹಾಕಿ ತೆಗೆಸಬೇಕಾಯಿತೋ ಎಂಬುದು, ಕಂಡ ಪ್ರತಿಯೊಂದು ಬೆದೆಯ ದಿನ ಮತ್ತು ಹೊತ್ತು, ಇಂಜೆಕ್ಷನ್ ಕೊಡಿಸಿದ ಹೊತ್ತು, ವೀರ್ಯದ ಕಡ್ಡಿಯ ಮೇಲೆ ಮುದ್ರಿಸಿರುವ ಹೋರಿಯ ಸಂಖ್ಯೆ, ಲೋಳೆಯ ಬಣ್ಣ, ವಾರಕ್ಕೊಮ್ಮೆ ಅಳೆದ ಹಾಲು, ಇಷ್ಟನ್ನು ಬರೆಯಬೇಕು. ನೆನಪನ್ನು ನಂಬಿದರೆ ಮೂರು ತಿಂಗಳ ಹಿಂದಿನ ಬೆದೆಯ ದಿನಾಂಕ ನಾಲ್ಕೈದು ದಿನ ಆಚೀಚೆ ಆಗಿಯೇ ತೀರುತ್ತದೆ, ಆ ನಾಲ್ಕೈದು ದಿನಗಳ ವ್ಯತ್ಯಾಸದಲ್ಲಿಯೇ ದೋಷದ ಗುರುತು ಅಡಗಿರುತ್ತದೆ.

ಹಸು ನಿಜವಾಗಿಯೂ ಖಾಲಿಯಿದೆಯೇ

ಇದನ್ನು ಕೇಳದೆ ಮುಂದೆ ಹೋಗಬಾರದು. ಇಂಜೆಕ್ಷನ್ ಕೊಡಿಸಿದ 21 ದಿನಕ್ಕೆ ಬೆದೆ ಕಾಣದಿದ್ದರೆ ಗಬ್ಬವಾಗಿದೆಯೆಂದು ನಂಬುವುದು ಎಷ್ಟು ತಪ್ಪೋ, ಗಬ್ಬದ ಹಸುವೊಂದು ಬೆದೆಯ ಲಕ್ಷಣ ತೋರಿಸಿದಾಗ ಅದು ಖಾಲಿಯೆಂದು ನಂಬುವುದೂ ಅಷ್ಟೇ ತಪ್ಪು. ಗಬ್ಬದಲ್ಲಿರುವ ಕೆಲವು ಹಸುಗಳು ನಡುವೆ ಒಮ್ಮೆ ಬೆದೆಯಂತೆ ವರ್ತಿಸುತ್ತವೆ. ಆಗ ಮತ್ತೊಮ್ಮೆ ಇಂಜೆಕ್ಷನ್ ಕೊಡಿಸಲು ಗರ್ಭಕೊರಳಿನೊಳಗೆ ನಳಿಕೆ ತೂರಿಸಿದರೆ ಇದ್ದ ಗಬ್ಬವೂ ಹೋಗಬಹುದು. ಹಿಂದೆ ಇಂಜೆಕ್ಷನ್ ಆಗಿರುವ ಹಸು ಒಂದೆರಡು ತಿಂಗಳ ನಂತರ ಅರೆಮನಸ್ಸಿನ ಬೆದೆ ತೋರಿಸಿದರೆ, ಮೊದಲು ಗಬ್ಬ ಪರೀಕ್ಷೆ ಮಾಡಿಸಿ ಆಮೇಲೆ ಮುಂದಿನದು ಎಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಿ.

ಗುದದ್ವಾರದ ಮೂಲಕ ಕೈ ಹಾಕಿ ಮಾಡುವ ಪರೀಕ್ಷೆ ಅನುಭವಿ ವೈದ್ಯರ ಕೈಯಲ್ಲಿ 60 ದಿನಕ್ಕೆ ಖಚಿತವಾಗಿ ತಿಳಿಸುತ್ತದೆ. ಸ್ಕ್ಯಾನಿಂಗ್ ಯಂತ್ರವಿದ್ದರೆ 30 ದಿನದ ಆಸುಪಾಸಿನಲ್ಲಿಯೇ ತಿಳಿಯುತ್ತದೆ. ಹತ್ತಿರದಲ್ಲಿ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್ ಅಥವಾ ಗದಗದ ಪಶು ವೈದ್ಯಕೀಯ ಕಾಲೇಜು ಇರುವವರು ಕಷ್ಟದ ಪ್ರಕರಣಗಳನ್ನು ಅಲ್ಲಿಗೆ ಒಯ್ಯುವುದು ಒಳ್ಳೆಯದು.

ಈ ಮಾತನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮ ಕೊಟ್ಟಿಗೆಯಲ್ಲಿ ಎರಡನೇ ಸೂಲಿನ ಹಸುವೊಂದು ಐದು ತಿಂಗಳು ಬೆದೆಗೆ ಬರಲಿಲ್ಲ. ಬರಡಾಯಿತೆಂದು ಭಾವಿಸಿ, ಪರೀಕ್ಷೆ ಮಾಡಿಸದೆ, ಕಡಿಮೆ ಬೆಲೆಗೆ ಪಕ್ಕದ ಊರಿನವರಿಗೆ ಕೊಟ್ಟೆವು. ನಾಲ್ಕು ತಿಂಗಳಿಗೆ ಅದು ಅವರ ಮನೆಯಲ್ಲಿ ಹೆಣ್ಣುಗರು ಹಾಕಿತು. ಮೇಯಲು ಬಿಟ್ಟಿದ್ದಾಗ ಊರ ಹೋರಿ ಹಾರಿದ್ದು ನಮ್ಮ ಗಮನಕ್ಕೇ ಬಂದಿರಲಿಲ್ಲ. ಆ ಮನೆಯವರಿಗೆ ಒಳ್ಳೆಯದಾಯಿತೆಂಬ ಸಂತೋಷ ಇದ್ದೇ ಇದೆ. ಆದರೂ ಒಂದು ಪರೀಕ್ಷೆಯ ಆಲಸ್ಯಕ್ಕೆ ತೆತ್ತ ಬೆಲೆ ದೊಡ್ಡದು. ಅಂದಿನಿಂದ ಖಾಲಿಯೆಂದು ಪರೀಕ್ಷೆಯಲ್ಲಿ ತಿಳಿಯದೆ ಒಂದು ಹಸುವನ್ನೂ ಖಾಲಿಯೆಂದು ಮಾರಿಲ್ಲ.

ಒಂದು ಹಸುವಿನ ತೊಂದರೆಯೋ, ಕೊಟ್ಟಿಗೆಯ ತೊಂದರೆಯೋ

ಎಂಟು ಹಸುಗಳಲ್ಲಿ ಒಂದು ಮಾತ್ರ ತಿರುಗುತ್ತಿದ್ದರೆ, ಅಂದರೆ ಇಂಜೆಕ್ಷನ್ ಆದ ಮೇಲೂ ಮತ್ತೆ ಬೆದೆಗೆ ಬರುತ್ತಿದ್ದರೆ, ದೋಷವನ್ನು ಆ ಹಸುವಿನಲ್ಲಿ ಹುಡುಕಬೇಕು. ಮೂರು ನಾಲ್ಕು ಹಸುಗಳು ಒಂದೇ ಕಾಲದಲ್ಲಿ ತಿರುಗುತ್ತಿದ್ದರೆ ಒಂದೊಂದು ಹಸುವಿಗೂ ಬೇರೆ ಬೇರೆ ಔಷಧ ಕೊಡಿಸುವುದು ಹಣ ಹಾಳು. ಆಗ ದೋಷ ಎಲ್ಲ ಹಸುಗಳಿಗೂ ಸಾಮಾನ್ಯವಾಗಿರುವ ವಿಷಯದಲ್ಲಿರುತ್ತದೆ, ಅಂದರೆ ಮೇವು, ಖನಿಜ, ಬಿಸಿಲು, ಬೆದೆ ನೋಡುವ ರೀತಿ, ಇಂಜೆಕ್ಷನ್ ಕೊಡುವ ಕೈ ಮತ್ತು ವೀರ್ಯ ಕಾಪಾಡುವ ಕ್ರಮ. ಮಾರ್ಚ್‌ನಿಂದ ಮೇವರೆಗೆ ತಗ್ಗಿದ ಶೀಟಿನ ಮಾಡಿನ ಕೆಳಗೆ ಎಚ್‌ಎಫ್ ಹಸುಗಳು ಬಾಯಿ ತೆರೆದು ಉಸಿರು ಬಿಡುತ್ತಿದ್ದರೆ, ಆ ತಿಂಗಳುಗಳಲ್ಲಿ ಗಬ್ಬ ನಿಲ್ಲುವ ಪ್ರಮಾಣ ಇಳಿಯುವುದು ಸಹಜ. ಬಿಸಿ ಹೆಚ್ಚಾದ ದೇಹದಲ್ಲಿ ಭ್ರೂಣ ಮೊದಲ ವಾರದಲ್ಲಿಯೇ ನಾಶವಾಗುತ್ತದೆ. ಹಸುವಿಗೆ ರೋಗವೇನೂ ಇರುವುದಿಲ್ಲ. ಮಾಡಿನ ಮೇಲೆ ಸೋಗೆ ಅಥವಾ ಹುಲ್ಲು ಹೊದಿಸುವುದು, ಮಧ್ಯಾಹ್ನ ಮೈ ಮೇಲೆ ನೀರು ಹಾಯಿಸುವುದು, ದಿನವಿಡೀ ಕುಡಿಯಲು ನೀರು ಸಿಗುವಂತೆ ಮಾಡುವುದು, ಒಣಮೇವನ್ನು ರಾತ್ರಿ ತಂಪಿನಲ್ಲಿ ಹಾಕುವುದು ಇವಿಷ್ಟನ್ನು ಮಾಡಿ ಮಳೆ ಬಿದ್ದ ಮೇಲಿನ ಎರಡು ಬೆದೆಗಳವರೆಗೆ ತೀರ್ಪನ್ನು ಮುಂದೂಡಬೇಕು. ಬೇಸಿಗೆಯಲ್ಲಿ ಮೂರು ಸಲ ತಿರುಗಿತೆಂಬ ಒಂದೇ ಕಾರಣಕ್ಕೆ ಜೂನ್‌ನಲ್ಲಿ ಮಾರಿದ ಒಳ್ಳೆಯ ಹಸುಗಳನ್ನು ನಾನು ಬಹಳ ಕಂಡಿದ್ದೇನೆ.

ಬೆದೆಗೇ ಬಾರದ ಹಸು

ಇಂತಹ ಹಸುಗಳಲ್ಲಿ ಒಂದು ಪಾಲು ಬೆದೆಗೆ ಬರುತ್ತಿರುತ್ತವೆ, ನಾವು ನೋಡಿರುವುದಿಲ್ಲ. ದಿನವಿಡೀ ಗೂಟಕ್ಕೆ ಕಟ್ಟಿದ ಹಸು ಇನ್ನೊಂದರ ಮೇಲೆ ಹತ್ತಲಾರದು, ಇನ್ನೊಂದಕ್ಕೆ ನಿಂತು ಕೊಡಲಾರದು. ಬೆದೆಯ ಅತ್ಯಂತ ಖಚಿತ ಗುರುತೇ ಅಲ್ಲಿಗೆ ಇಲ್ಲವಾಗುತ್ತದೆ. ಬೆದೆ ಇರುವುದೇ ಹನ್ನೆರಡರಿಂದ ಹದಿನೆಂಟು ಗಂಟೆ, ಹೆಚ್ಚು ಹಾಲು ಕೊಡುವ ಹಸುಗಳಲ್ಲಿ ಇನ್ನೂ ಕಡಿಮೆ, ಬೇಸಿಗೆಯಲ್ಲಿ ಬಹಳಷ್ಟು ಹಸುಗಳು ಅದನ್ನು ರಾತ್ರಿಯ ತಂಪಿನಲ್ಲಿ ತೋರಿಸಿ ಮುಗಿಸುತ್ತವೆ. ಹಾಲು ಕರೆಯುವಾಗ, ಹಿಂಡಿ ಇಡುವಾಗ ನೋಡಿದರೆ ಹಸುವಿನ ಲಕ್ಷ್ಯವೆಲ್ಲ ಬಕೆಟ್ಟಿನ ಮೇಲಿರುತ್ತದೆ. ಬೆಳಗಿನ ಐದು ಗಂಟೆಗೂ ರಾತ್ರಿ ಒಂಬತ್ತು ಹತ್ತರ ನಡುವೆಯೂ ಅರ್ಧ ಅರ್ಧ ಗಂಟೆ ಸುಮ್ಮನೆ ನಿಂತು ನೋಡಬೇಕು. ಸಾಧ್ಯವಿದ್ದಲ್ಲಿ ದಿನಕ್ಕೊಮ್ಮೆ ಹಸುಗಳನ್ನು ಅಂಗಳಕ್ಕೆ ಬಿಚ್ಚಿ ಬಿಡಬೇಕು. ಬಾಲದ ಬುಡದಲ್ಲಿ ಒಣಗಿ ಅಂಟಿದ ಲೋಳೆ, ಒಂದು ಹೊತ್ತಿನ ಹಾಲು ಕಾರಣವಿಲ್ಲದೆ ಒಂದೆರಡು ಲೀಟರ್ ಇಳಿದಿರುವುದು, ಪದೇ ಪದೇ ಸ್ವಲ್ಪ ಸ್ವಲ್ಪ ಗಂಜಲ ಹೊಯ್ಯುವುದು ಇವೆಲ್ಲ ಮೂಕ ಬೆದೆಯ ಗುರುತುಗಳು.

ಇನ್ನೊಂದು ಗುರುತು ತಪ್ಪಾಗಿ ಅರ್ಥವಾಗುವಂಥದ್ದು. ಬೆದೆ ಮುಗಿದ ಒಂದರಿಂದ ಮೂರು ದಿನಗಳೊಳಗೆ ಕೆಲವು ಹಸುಗಳಲ್ಲಿ, ಒಮ್ಮೆಯೂ ಕರು ಹಾಕದ ಪಡ್ಡೆಗಳಲ್ಲಿ ಇನ್ನೂ ಹೆಚ್ಚಾಗಿ, ಸ್ವಲ್ಪ ರಕ್ತ ಕಾಣಿಸುತ್ತದೆ. ಅದನ್ನು ಕಂಡು ಗಬ್ಬ ನಿಲ್ಲಲಿಲ್ಲವೆಂದು ಹಲವರು ಕೈಚೆಲ್ಲುತ್ತಾರೆ. ಆ ರಕ್ತಕ್ಕೂ ಗಬ್ಬ ನಿಲ್ಲುವುದಕ್ಕೂ ಸಂಬಂಧವಿಲ್ಲ, ಒಂದೆರಡು ದಿನದ ಹಿಂದೆ ಬೆದೆ ಆಗಿತ್ತೆಂಬುದನ್ನಷ್ಟೇ ಅದು ಹೇಳುತ್ತದೆ. ಬೆದೆ ನೋಡದೆ ರಕ್ತವನ್ನು ಮಾತ್ರ ನೋಡಿದವರು ಆ ದಿನವನ್ನು ಬರೆದುಕೊಂಡು, ಅಲ್ಲಿಂದ 17ನೇ ದಿನದಿಂದ ಎಚ್ಚರವಾಗಿ ಕಾದರೆ ಮುಂದಿನ ಬೆದೆ ತಪ್ಪುವುದಿಲ್ಲ.

ನೋಡುವುದರಲ್ಲಿ ಲೋಪವಿಲ್ಲವೆಂದು ಖಚಿತವಾದ ಮೇಲೆ ಹಸುವಿನ ಮೈ ನೋಡಿ. ಕರು ಹಾಕಿದ ಮೊದಲ ಎರಡು ತಿಂಗಳು ಹಸು ತಿನ್ನುವುದಕ್ಕಿಂತ ಹೆಚ್ಚು ಶಕ್ತಿಯನ್ನು ಹಾಲಿಗೆ ಸುರಿಯುತ್ತದೆ. ಪಕ್ಕೆಲುಬುಗಳು ದೂರದಿಂದಲೇ ಎಣಿಸುವಂತಾಗಿ, ಸೊಂಟದ ಮೂಳೆಗಳು ಚೂಪಾಗಿ ಎದ್ದು, ಬಾಲದ ಬುಡದ ಎರಡೂ ಕಡೆ ಗುಳಿ ಬಿದ್ದಿದ್ದರೆ, ಆ ದೇಹ ಇನ್ನೊಂದು ಗರ್ಭವನ್ನು ಹೊರಲು ತಯಾರಿಲ್ಲವೆಂದೇ ಅರ್ಥ, ಅಂಡಾಶಯ ಕೆಲಸ ನಿಲ್ಲಿಸಿರುತ್ತದೆ. ಇದಕ್ಕೆ ಹಾರ್ಮೋನ್ ಇಂಜೆಕ್ಷನ್‌ಗಿಂತ ಮೊದಲು ಬೇಕಾಗುವುದು ಮೇವು. ಮೈ ಉಳಿಸಿಕೊಳ್ಳಲು ಒಂದೂವರೆ ಕಿಲೋ, ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ ಸಮತೋಲನ ಪಶು ಆಹಾರ, ಇದು ರೂಢಿಯ ಲೆಕ್ಕ. ಇದರ ಬದಲು ಕಡಲೆಕಾಯಿ ಹಿಂಡಿಯನ್ನೋ ಹತ್ತಿಕಾಳು ಹಿಂಡಿಯನ್ನೋ ಒಂದನ್ನೇ ಹೆಚ್ಚು ಸುರಿದು, ಜೋಳದ ನುಚ್ಚಿನಂತಹ ಶಕ್ತಿಯ ಆಹಾರವನ್ನು ಬಿಟ್ಟರೆ, ರಕ್ತದಲ್ಲಿ ಯೂರಿಯಾ ಹೆಚ್ಚಾಗಿ ಗಬ್ಬ ನಿಲ್ಲುವುದಕ್ಕೆ ಅದೇ ಅಡ್ಡಿಯಾಗುತ್ತದೆ. ದುಬಾರಿ ಹಿಂಡಿ ಹಾಕಿದ್ದೇವೆಂಬ ಸಮಾಧಾನದಲ್ಲಿರುವ ಮನೆಗಳಲ್ಲಿ ಈ ದೋಷ ಕಣ್ಣಿಗೆ ಬೀಳುವುದೇ ಇಲ್ಲ.

ಖನಿಜ ಮಿಶ್ರಣದ ವಿಷಯದಲ್ಲಿ ಜಿಪುಣತನ ಸಲ್ಲದು. ರಂಜಕ, ತಾಮ್ರ, ಸತು, ಮ್ಯಾಂಗನೀಸ್ ಕೊರತೆಯಾದರೆ ಬೆದೆ ಕ್ಷೀಣವಾಗುತ್ತದೆ ಅಥವಾ ನಿಂತೇ ಹೋಗುತ್ತದೆ. ಒಂದೊಂದು ಸೀಮೆಯ ಮಣ್ಣಿನಲ್ಲಿ ಒಂದೊಂದು ಖನಿಜ ಕಡಿಮೆ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಪ್ರದೇಶವಾರು ಖನಿಜ ಮಿಶ್ರಣಗಳನ್ನು ರೂಪಿಸಿರುವುದು ಈ ಕಾರಣದಿಂದಲೇ. ದಿನಕ್ಕೆ 50 ಗ್ರಾಂ ಕನಿಷ್ಠ ಎರಡು ಮೂರು ತಿಂಗಳು ಬಿಡದೆ ಕೊಟ್ಟ ನಂತರ ಮಾತ್ರ ಅದರ ಫಲವನ್ನು ಅಳೆಯಬಹುದು. ಒಂದು ಪ್ಯಾಕೆಟ್ ಮುಗಿಸಿ ಪ್ರಯೋಜನವಿಲ್ಲವೆನ್ನುವುದು ಸರಿಯಲ್ಲ.

ಮೈ ಚೆನ್ನಾಗಿದ್ದೂ ಬೆದೆ ಇಲ್ಲದಿದ್ದರೆ ಅದು ವೈದ್ಯರ ಕೈಗೆ ಹೋಗಬೇಕಾದ ಪ್ರಕರಣ. ಗರ್ಭಕೋಶದಲ್ಲಿ ಕೀವು ತುಂಬಿಕೊಂಡಾಗ ಅಂಡಾಶಯದ ಮೇಲಿನ ಕಾರ್ಪಸ್ ಲೂಟಿಯಂ (ಗಬ್ಬ ಉಳಿಸುವ ಹಾರ್ಮೋನ್ ಸುರಿಸುವ ಗಂಟು) ಕರಗದೆ ಉಳಿದು, ದೇಹ ಗಬ್ಬವಾಗಿದೆಯೆಂಬಂತೆಯೇ ನಡೆದುಕೊಳ್ಳುತ್ತದೆ. ರೈತರೂ ಗಬ್ಬವೆಂದೇ ತಿಳಿದು ತಿಂಗಳುಗಟ್ಟಲೆ ಕಾಯುತ್ತಾರೆ. ಆ ಗಂಟನ್ನು ಕರಗಿಸಲು ಕೊಡುವ ಪ್ರೋಸ್ಟಾಗ್ಲಾಂಡಿನ್ ಇಂಜೆಕ್ಷನ್ ಗಬ್ಬದ ಹಸುವಿಗೆ ಬಿದ್ದರೆ ಗಬ್ಬ ಹೋಗುವುದರಿಂದ, ಪರೀಕ್ಷೆಯಿಲ್ಲದೆ ಔಷಧದ ಅಂಗಡಿಯಿಂದ ತಂದು ಚುಚ್ಚಿಸುವ ಸಾಹಸವನ್ನು ಯಾರೂ ಮಾಡಬಾರದು. ಚುಚ್ಚುವವರಲ್ಲಿ ಗರ್ಭಿಣಿ ಹೆಣ್ಣುಮಕ್ಕಳಿದ್ದರೆ ಆ ಔಷಧವನ್ನು ಕೈಯಿಂದ ಮುಟ್ಟಲೂಬಾರದು.

ಬೆದೆಗೆ ಬಂದು ಬಂದು ತಿರುಗುವ ಹಸು

ಇಲ್ಲಿ ನೋಟ್‌ಬುಕ್ಕಿಗೆ ಕೆಲಸ. ಎರಡು ಬೆದೆಗಳ ನಡುವಿನ ದಿನಗಳನ್ನು ಎಣಿಸಿ ಸಾಲಾಗಿ ಬರೆದರೆ, ಆ ಅಂಕಿಗಳು ದೋಷದ ಕಡೆಗೆ ಬೆರಳು ತೋರಿಸುತ್ತವೆ. ಒಂದು ಉದಾಹರಣೆ ನೋಡಿ. ಜನವರಿ 10ಕ್ಕೆ ಕರು ಹಾಕಿದ ಹಸು ಮಾರ್ಚ್ 1ಕ್ಕೆ ಬೆದೆಗೆ ಬಂತು, ಬಿಡಲಾಯಿತು. ಮಾರ್ಚ್ 22, ಮೇ 5 ಮತ್ತು ಮೇ 26ಕ್ಕೆ ಇಂಜೆಕ್ಷನ್ ಆಯಿತು, ಜೂನ್ ಮಧ್ಯದಲ್ಲಿ ಮತ್ತೆ ಬೆದೆ. ಅಂತರಗಳು 21, 44, 21. ನಡುವಿನ 44 ದಿನವನ್ನು ಕಂಡು, ಒಮ್ಮೆ ಗಬ್ಬ ನಿಂತು ಆಮೇಲೆ ಕಂದು ಹಾಕಿತೆಂದು (ಗರ್ಭಪಾತವಾಯಿತೆಂದು) ಮನೆಯವರು ಹೇಳುತ್ತಾರೆ. ಅದೂ ಸಾಧ್ಯ. ಆದರೆ 44 ಎಂಬುದು 22ರ ಎರಡರಷ್ಟು, ಏಪ್ರಿಲ್ 13ರ ಸುಮಾರಿನ ಬೆದೆಯೊಂದು ಬಿರುಬೇಸಿಗೆಯ ರಾತ್ರಿ ಯಾರ ಕಣ್ಣಿಗೂ ಬೀಳದೆ ಹೋಗಿರುವ ಸಂಭವವೇ ಹೆಚ್ಚು. ಈ ಹಸುವಿನ ಋತುಚಕ್ರ ಸರಿಯಾಗಿದೆ. ಮೊದಲು ಸರಿಪಡಿಸಬೇಕಾದದ್ದು ಕಾವಲನ್ನು ಮತ್ತು ಇಂಜೆಕ್ಷನ್‌ನ ಹೊತ್ತನ್ನು.

ಅಂತರ ಪ್ರತಿಸಲವೂ 18ರಿಂದ 24 ದಿನಗಳೊಳಗೆ ಇದ್ದರೆ ಅಂಡಾಶಯ ಗಡಿಯಾರದಂತೆ ನಡೆಯುತ್ತಿದೆ. ಗರ್ಭ ಕಟ್ಟುತ್ತಿಲ್ಲ, ಇಲ್ಲವೇ ಕಟ್ಟಿದ ಭ್ರೂಣ ಮೊದಲ ಎರಡು ವಾರಗಳಲ್ಲಿಯೇ ನಾಶವಾಗುತ್ತಿದೆ. ಅಂತರ 25ರಿಂದ 35 ದಿನಗಳಿಗೆ ಎಳೆದಿದ್ದರೆ ಭ್ರೂಣ ಸ್ವಲ್ಪ ಬೆಳೆದ ಮೇಲೆ ಸತ್ತಿರಬಹುದು. ಎಂಟು ಹತ್ತು ದಿನಗಳ ಅಂತರ ಕಂಡರೆ ಎರಡರಲ್ಲಿ ಒಂದು ಬೆದೆಯೇ ಅಲ್ಲದಿರುವ ಸಂಭವ ಹೆಚ್ಚು, ಆ ಸುಳ್ಳು ಬೆದೆಗೆ ಇಂಜೆಕ್ಷನ್ ಕೊಡಿಸಿದ್ದರೆ ಅದನ್ನು ವಿಫಲ ಪ್ರಯತ್ನಗಳ ಲೆಕ್ಕಕ್ಕೆ ಸೇರಿಸಬಾರದು. ಅಂತರವೇ ಗೊತ್ತಾಗದಂತೆ ಹಸು ಆಗಾಗ ಕೂಗುತ್ತಾ, ಎಲ್ಲದರ ಮೇಲೂ ಹತ್ತುತ್ತಾ ಇದ್ದರೆ ಅಂಡಾಶಯದಲ್ಲಿ ನೀರುಗುಳ್ಳೆಯಾಗಿರುವ ಸಂದೇಹವಿದೆ. ಅದಕ್ಕೆ ಹಾರ್ಮೋನ್ ಚಿಕಿತ್ಸೆ ಇದೆ, ಗುಣವಾಗುವ ಹಸುಗಳೂ ಸಾಕಷ್ಟಿವೆ.

ಅಂತರ ಸರಿಯಿದ್ದು ತಿರುಗುವ ಹಸುವಿನಲ್ಲಿ ಮೊದಲ ಸಂದೇಹ ಹೊತ್ತಿನ ಮೇಲೆ ಬೀಳಬೇಕು. ಬೆದೆ ಶುರುವಾದ ಸುಮಾರು 25ರಿಂದ 30 ಗಂಟೆಗೆ ಅಂಡಾಣು ಹೊರಬರುತ್ತದೆ. ಬೆಳಿಗ್ಗೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಎಂಬ ನಿಯಮ ಹುಟ್ಟಿದ್ದು ಹೀಗೆ. ಇದರಲ್ಲಿರುವ ತೊಡಕೆಂದರೆ ಬೆಳಿಗ್ಗೆ ಕಂಡದ್ದು ಬೆಳಿಗ್ಗೆಯೇ ಶುರುವಾದದ್ದೆಂಬ ಭರವಸೆ ಇಲ್ಲದಿರುವುದು. ಹಿಂದಿನ ರಾತ್ರಿ ಹತ್ತಕ್ಕೆ ಶುರುವಾಗಿದ್ದ ಬೆದೆಗೆ ಮರುದಿನ ರಾತ್ರಿ ಇಂಜೆಕ್ಷನ್ ಕೊಡಿಸಿದರೆ ತಡವಾಗುತ್ತದೆ. ರಾತ್ರಿಯ ನೋಟ ಇಲ್ಲದ ಮನೆಯಲ್ಲಿ ಈ ಲೆಕ್ಕ ಯಾವಾಗಲೂ ತಪ್ಪುತ್ತಿರುತ್ತದೆ.

ವೀರ್ಯದ ಕಡ್ಡಿಯನ್ನು ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಪಾಡಿರುತ್ತಾರೆ. ಅದನ್ನು 37 ಡಿಗ್ರಿಯ ನೀರಿನಲ್ಲಿ ಅರ್ಧ ನಿಮಿಷ ಕರಗಿಸಿ, ಒರೆಸಿ, ಕೆಲವೇ ನಿಮಿಷಗಳಲ್ಲಿ ಬಳಸಬೇಕು. ಜೇಬಿನಲ್ಲಿಟ್ಟುಕೊಂಡು ಬಂದ ಕಡ್ಡಿ, ಅಂಗೈಯಲ್ಲಿ ಉಜ್ಜಿ ಕರಗಿಸಿದ ಕಡ್ಡಿ ಇವುಗಳಿಂದ ಗಬ್ಬವನ್ನು ನಿರೀಕ್ಷಿಸಲಾಗದು. ಬಿಸಿನೀರಿನ ಪಾತ್ರೆಯನ್ನೂ ಒಂದು ಥರ್ಮಾಮೀಟರನ್ನೂ ನಾವೇ ಸಿದ್ಧವಾಗಿಟ್ಟುಕೊಂಡರೆ ಯಾರನ್ನೂ ನೋಯಿಸದೆ ಈ ಸಂದೇಹ ನಿವಾರಣೆಯಾಗುತ್ತದೆ. ಹೋರಿಯನ್ನು ಬದಲಿಸುವುದು ಕೊನೆಯ ಮಾತು, ನಮ್ಮಲ್ಲಿ ಅದನ್ನೇ ಮೊದಲು ಮಾಡುತ್ತಾರೆ. ಊರ ಹೋರಿಗೆ ಬಿಡಿಸುವುದಂತೂ ಒಂದು ದೋಷದ ಜೊತೆಗೆ ಲೈಂಗಿಕವಾಗಿ ಹರಡುವ ಸೋಂಕನ್ನೂ ಕೊಟ್ಟಿಗೆಗೆ ಕರೆತರುವ ದಾರಿ.

ಆಮೇಲೆ ಲೋಳೆ. ಆರೋಗ್ಯವಂತ ಹಸುವಿನ ಬೆದೆಯ ಲೋಳೆ ಗಾಜಿನಂತೆ ತಿಳಿಯಾಗಿ, ನೆಲದವರೆಗೆ ಹಗ್ಗದಂತೆ ಇಳಿಯುತ್ತದೆ. ಅದರಲ್ಲಿ ಬಿಳಿಯ ಎಳೆ, ಮೊಸರಿನಂತಹ ಚೂರು, ಕೆಟ್ಟ ವಾಸನೆ ಇದ್ದರೆ ಗರ್ಭಕೋಶದ ಒಳಪೊರೆಗೆ ಸೋಂಕಾಗಿದೆ. ಕಸ ಬೀಳದೆ ಉಳಿದ, ಕೈ ಹಾಕಿ ಎಳೆದು ತೆಗೆದ, ಕೊಳಕು ನೆಲದ ಮೇಲೆ ಕರು ಹಾಕಿದ ಹಸುಗಳಲ್ಲಿ ಇದು ಹೆಚ್ಚು. ಆ ಬೆದೆಗೆ ಇಂಜೆಕ್ಷನ್ ಕೊಡಿಸದೆ ಚಿಕಿತ್ಸೆ ಕೊಡಿಸಿ, ಮುಂದಿನ ಬೆದೆಯ ಲೋಳೆ ತಿಳಿಯಾಗಿದ್ದರೆ ಮಾತ್ರ ಮುಂದುವರಿಯಬೇಕು. ಒಂದು ಬೆದೆ ಬಿಟ್ಟುಕೊಡಲು ಮನಸ್ಸು ಒಪ್ಪುವುದಿಲ್ಲ, ನಿಜ. ಆದರೆ ಕೀವಿನ ಮೇಲೆ ಸುರಿದ ವೀರ್ಯ ಹೇಗೂ ವ್ಯರ್ಥವೇ. ಪ್ರತಿಜೀವಕ ಕೊಟ್ಟ ದಿನಗಳಲ್ಲಿ ಮತ್ತು ವೈದ್ಯರು ಹೇಳಿದ ಅವಧಿ ಮುಗಿಯುವವರೆಗೆ ಆ ಹಸುವಿನ ಹಾಲನ್ನು ಡೈರಿಗೆ ಹಾಕಬಾರದು.

ಗಬ್ಬ ನಿಂತು ಕಂದು ಹಾಕುವ ಹಸು

ಐದು ತಿಂಗಳು ಕಳೆದ ಗಬ್ಬ ಹೋದರೆ ಅದನ್ನು ಕಣ್ಣು ತಾಗಿದ್ದು, ಕಾಲೆಡವಿದ್ದು ಎಂದು ತಳ್ಳಿಹಾಕದೆ ಕಂದು ರೋಗವನ್ನು, ಅಂದರೆ ಬ್ರುಸೆಲ್ಲೋಸಿಸ್ ಅನ್ನು ಮೊದಲು ಸಂದೇಹಿಸಬೇಕು. ಇದು ಮನುಷ್ಯರಿಗೂ ಹರಡುವ ರೋಗ. ಕಂದಿನ ಕರುವನ್ನಾಗಲಿ ಕಸವನ್ನಾಗಲಿ ಬರಿಗೈಯಲ್ಲಿ ಮುಟ್ಟದೆ, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು, ಹಾಲನ್ನು ಕಾಯಿಸದೆ ಕುಡಿಯಬಾರದು, ಹಸುವಿನ ರಕ್ತ ಪರೀಕ್ಷೆ ಮಾಡಿಸಬೇಕು. 2019ರಲ್ಲಿ ಶುರುವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಡಿ ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುಗಳಿಗೆ ಇದರ ಲಸಿಕೆ ಹಾಕುತ್ತಾರೆ, ಜೀವನದಲ್ಲಿ ಒಂದೇ ಸಲ ಸಾಕು. ರೋಗವಿದೆಯೆಂದು ತಿಳಿದ ಹಸುವನ್ನು ಹೇಳದೆ ಮಾರುವುದು ಇನ್ನೊಂದು ಮನೆಯ ಹಸುಗಳಿಗೂ ಮಕ್ಕಳಿಗೂ ರೋಗವನ್ನು ಕಳಿಸಿಕೊಟ್ಟಂತೆ. ಅಂತಹ ಹಸುವಿನ ಮುಂದಿನ ದಾರಿಯನ್ನು ಪಶು ವೈದ್ಯಾಧಿಕಾರಿಗಳೊಡನೆ ಕುಳಿತು ತೀರ್ಮಾನಿಸಬೇಕು, ಸಂತೆಗೆ ಹೊಡೆಯಬಾರದು.

ಪಡ್ಡೆಗಳ ವಿಷಯ ಚಿಕ್ಕದು. ಮಿಶ್ರತಳಿ ಪಡ್ಡೆ 250 ಕಿಲೋ ತೂಗುವವರೆಗೆ ಬೆದೆ ಕಾಣದಿದ್ದರೆ ಅದು ಮೇವಿನ ಕೊರತೆ. ಹೋರಿಗರುವಿನೊಡನೆ ಅವಳಿಯಾಗಿ ಹುಟ್ಟಿದ ಹೆಣ್ಣುಗರು ಮಾತ್ರ ಹತ್ತರಲ್ಲಿ ಒಂಬತ್ತು ಸಲ ಹುಟ್ಟು ಬರಡು, ಅದನ್ನು ಎರಡು ವರ್ಷ ಸಾಕಿ ಕಾಯುವುದರಲ್ಲಿ ಅರ್ಥವಿಲ್ಲ.

ಎಷ್ಟು ದಿನ ಕಾಯಬೇಕು

ಚಿಕಿತ್ಸೆ ಆದ ಮೇಲೆ ಸರಿಯಾದ ಹೊತ್ತಿನಲ್ಲಿ ಎರಡು ಬೆದೆಗಳ ಅವಕಾಶ, ಕೊನೆಯ ಇಂಜೆಕ್ಷನ್‌ನಿಂದ 60 ದಿನಕ್ಕೆ ಪರೀಕ್ಷೆ, ಹೀಗೆ ಸುಮಾರು ನೂರು ದಿನಗಳ ಗಡಿ ಹಾಕಿಕೊಳ್ಳುವುದು ನನ್ನ ರೂಢಿ. ಗಡಿಯನ್ನು ಮೊದಲೇ ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಇಲ್ಲದಿದ್ದರೆ ಇನ್ನೊಂದು ಸಲ ನೋಡೋಣ ಎನ್ನುತ್ತಲೇ ವರ್ಷ ಕಳೆಯುತ್ತದೆ.

ಗಡಿಯೊಳಗೆ ಕಾಯಬಹುದೇ ಎಂಬುದನ್ನು ಹಾಲಿನ ಲೆಕ್ಕ ಹೇಳಬೇಕು. ನಿಮ್ಮ ಊರಿನ ದರಗಳನ್ನು ಹಾಕಿಕೊಳ್ಳಿ, ಇಲ್ಲಿ ಲೆಕ್ಕದ ಅನುಕೂಲಕ್ಕೆ ಹಾಲು ಲೀಟರಿಗೆ 37 ರೂಪಾಯಿ, ಪಶು ಆಹಾರ ಕಿಲೋಗೆ 30, ದಿನದ ಹಸಿರು ಮತ್ತು ಒಣಮೇವಿಗೆ 100 ಎಂದಿಟ್ಟುಕೊಂಡಿದ್ದೇನೆ. ಹತ್ತು ಲೀಟರ್ ಕೊಡುವ ಹಸುವಿನ ಹಾಲು 370 ರೂಪಾಯಿ, ಅದಕ್ಕೆ ಬೇಕಾದ ಐದೂವರೆ ಕಿಲೋ ಆಹಾರವೂ ಮೇವೂ ಸೇರಿ 265, ಉಳಿಕೆ 105. ಆರು ಲೀಟರಿಗೆ ಇಳಿದಾಗ ಹಾಲು 222, ಖರ್ಚು 217, ಅಂದರೆ ಕೂಲಿ ಬಿಟ್ಟೂ ಸರಿಸಮ. ನಾಲ್ಕು ಲೀಟರಿಗೆ ಇಳಿದರೆ ದಿನಕ್ಕೆ 45 ರೂಪಾಯಿ ಕೈಯಿಂದ. ಬೆದೆ ತಪ್ಪಿದ 21 ದಿನಗಳ ನಷ್ಟ ಇಂದು ಕಾಣುವುದಿಲ್ಲ, ಏಕೆಂದರೆ ಇಂದು ಹಸು ಹತ್ತು ಲೀಟರ್ ಕೊಡುತ್ತಿದೆ. ಆ 21 ದಿನಗಳು ಹೋಗಿ ಸೇರಿಕೊಳ್ಳುವುದು ಸೂಲಿನ ಕೊನೆಯಲ್ಲಿ, ನಾಲ್ಕು ಲೀಟರಿನ ದಿನಗಳಿಗೆ. ಮುಂದಿನ ಕರುವೂ ಅದರ ಹಿಂದೆ ಬರುವ ಹೊಸ ಹಾಲೂ ಅಷ್ಟೇ ದೂರ ಸರಿಯುತ್ತವೆ.

ಇಂದು ಗಬ್ಬ ನಿಂತರೂ ಕರು 280 ದಿನ ದೂರ, ಅದರಲ್ಲಿ ಕೊನೆಯ 60 ದಿನ ಹಾಲು ಬತ್ತಿಸಿ ಬರಿದೆ ಮೇವು ಹಾಕಬೇಕು. ಕರು ಹಾಕಿ 200 ದಿನವಾಗಿ ಇನ್ನೂ ಒಂಬತ್ತು ಲೀಟರ್ ಕೊಡುವ, ಮೂರನೇ ಸೂಲಿನ, ಕೆಚ್ಚಲು ಕಾಲು ಗಟ್ಟಿಯಿರುವ, ದೋಷ ತಿಳಿದಿರುವ ಹಸುವಿಗೆ ಕಾಯುವುದು ನ್ಯಾಯ. ಅದೇ ದಿನಗಳಿಗೆ ಐದು ಲೀಟರಿಗೆ ಇಳಿದ, ಕೆಚ್ಚಲು ಬಾವು ಮರುಕಳಿಸುವ, ಏಳನೇ ಸೂಲಿನ ಹಸುವಿಗೆ ಮತ್ತೊಂದು ಇಂಜೆಕ್ಷನ್ ಕೊಡಿಸುವುದರಿಂದ ತೀರ್ಮಾನ ಮುಂದಕ್ಕೆ ಹೋಗುತ್ತದೆ ಅಷ್ಟೇ.

ಮಾರುವುದೆಂದಾದರೆ

ಖಾಲಿ ಹಸು ಮಾರಾಟವಾಗುವುದು ಅದರ ಹಾಲಿಗಾಗಿ. ಹಾಗಾಗಿ ಎಂಟು ಹತ್ತು ಲೀಟರ್ ಇರುವಾಗಲೇ ಮಾರಬೇಕು. ಹಾಲೂ ಇಲ್ಲದ, ಗಬ್ಬವೂ ಇಲ್ಲದ ಹಸುವಿಗೆ ನಮ್ಮ ರಾಜ್ಯದಲ್ಲಿ ಇಂದು ಕೊಳ್ಳುವವರು ಬಹಳ ಕಡಿಮೆ. ಕರ್ನಾಟಕ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆ, 2020, ಜಾರಿಗೆ ಬಂದದ್ದು 2021ರ ಜನವರಿಯಲ್ಲಿ. ಅದರ ಪ್ರಕಾರ ಯಾವ ವಯಸ್ಸಿನ ಹಸುವನ್ನೂ ವಧೆಗಾಗಿ ಮಾರುವುದು ಅಪರಾಧ, ಮೊದಲ ತಪ್ಪಿಗೇ ವರ್ಷಗಟ್ಟಲೆ ಸೆರೆವಾಸವೂ ದೊಡ್ಡ ಮೊತ್ತದ ದಂಡವೂ ಆಗಬಹುದು. ಗುರುತಿಲ್ಲದ ದಲ್ಲಾಳಿ ಮುಂಜಾನೆ ಕತ್ತಲಲ್ಲಿ ಬಂದು ನಗದು ಎಣಿಸುವಾಗ, ಹಸು ಎಲ್ಲಿಗೆ ಹೋಗುತ್ತದೆಂದು ಕೇಳಿ ತಿಳಿಯುವ ಹೊಣೆ ಮಾರುವವರ ಮೇಲೂ ಇದೆ. ಹಾಲಿಗಾಗಿ, ಸಾಕಲಿಕ್ಕಾಗಿ ಕೊಳ್ಳುವ ರೈತರಿಗೆ ಕೊಟ್ಟು, ಹೆಸರು, ಊರು, ಉದ್ದೇಶ, ಮೊತ್ತ ಬರೆದ ರಸೀದಿಗೆ ಇಬ್ಬರೂ ಸಹಿ ಹಾಕಿ, ವಾಹನದಲ್ಲಿ ಸಾಗಿಸುವುದಿದ್ದರೆ ಪಶು ವೈದ್ಯಾಧಿಕಾರಿಗಳ ಆರೋಗ್ಯ ಪ್ರಮಾಣಪತ್ರ ಪಡೆದು ಕಳಿಸಬೇಕು. ಮುಪ್ಪಾದ ಅಥವಾ ಗುಣವಾಗದ ದೋಷವಿರುವ ಹಸುವನ್ನು ಇಟ್ಟುಕೊಳ್ಳಲು ಆಗದಿದ್ದಲ್ಲಿ ಗೋಶಾಲೆಯನ್ನು ವಿಚಾರಿಸಬೇಕು. ಅಲ್ಲಿಯೂ ಸ್ಥಳ ಎಲ್ಲ ಕಾಲಕ್ಕೂ ಸಿಗದು, ಮೊದಲೇ ಕೇಳಿಡುವುದು ಲೇಸು.

ಕೊಳ್ಳುವವರಿಗೆ ನೋಟ್‌ಬುಕ್ಕಿನ ಪುಟವನ್ನೇ ತೋರಿಸಿ. ಎಷ್ಟು ಸಲ ತಿರುಗಿತು, ಯಾವ ಚಿಕಿತ್ಸೆ ಆಯಿತು, ಕೊನೆಯ ಪರೀಕ್ಷೆ ಯಾವ ದಿನ ಏನು ಹೇಳಿತು ಎಂಬುದು ತಿಳಿದರೆ ಬೆಲೆ ಎರಡು ಮೂರು ಸಾವಿರ ಇಳಿಯಬಹುದು. ಆದರೆ ಜಗಳವೂ ವಾಪಸಾತಿಯೂ ಇರುವುದಿಲ್ಲ, ಆ ಮನೆಯವರು ಚಿಕಿತ್ಸೆಯನ್ನು ನಿಂತಲ್ಲಿಂದ ಮುಂದುವರಿಸಬಹುದು. ಮೇವು ನೀರು ಬದಲಾದ ಮೇಲೆ ಮೊದಲ ಬೆದೆಗೇ ಗಬ್ಬ ನಿಂತ ಹಸುಗಳಿವೆ. ಕೆಚ್ಚಲು ದೊಡ್ಡದಾಗಿ ಕಾಣಲೆಂದು ಎರಡು ಹೊತ್ತು ಹಾಲು ಕರೆಯದೆ ಸಂತೆಗೆ ತರುವುದು ಹಸುವಿಗೆ ನೋವು, ಕೊಂಡವರ ಮನೆಗೆ ಕೆಚ್ಚಲು ಬಾವು. ಹಸುವನ್ನು ಅವರ ಕಣ್ಣೆದುರಿಗೇ ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ ಕರೆದು ಅಳೆದು ತೋರಿಸುವುದೇ ಸರಿಯಾದ ಪದ್ಧತಿ. ಕಿವಿಯೋಲೆಯ 12 ಅಂಕಿಗಳ ಸಂಖ್ಯೆಯನ್ನು ರಸೀದಿಯಲ್ಲಿ ಬರೆದು, ಪಶು ಆಸ್ಪತ್ರೆಯ ದಾಖಲೆಯಲ್ಲಿ ಮಾಲೀಕರ ಹೆಸರನ್ನು ಬದಲಿಸಿ, ವಿಮೆಯಿದ್ದರೆ ಅದನ್ನೂ ಅವರ ಹೆಸರಿಗೆ ವರ್ಗಾಯಿಸಬೇಕು.

ಖಾಲಿಯಾದ ಗೂಟಕ್ಕೆ ತರುವ ಹಸುವನ್ನು ಇಷ್ಟೇ ಪ್ರಶ್ನೆಗಳಿಂದ ಪರೀಕ್ಷಿಸಿ. ಗಬ್ಬವೆಂದು ಮಾರುವವರಿಂದ ಇಂಜೆಕ್ಷನ್ ಆದ ದಿನಾಂಕ ಕೇಳಿ, ನಿಮ್ಮ ವೈದ್ಯರಿಂದಲೇ ಗಬ್ಬವನ್ನು ನೋಡಿಸಿ, ಬ್ರುಸೆಲ್ಲೋಸಿಸ್ ರಕ್ತ ಪರೀಕ್ಷೆಯ ಫಲಿತಾಂಶ ಬರುವವರೆಗೆ ಹಣ ಪೂರ್ತಿ ಕೊಡಬೇಡಿ. ಮನೆಗೆ ತಂದ ಮೇಲೆ ಕನಿಷ್ಠ ಮೂರು ವಾರ ಉಳಿದ ಹಸುಗಳಿಂದ ದೂರದಲ್ಲಿ ಕಟ್ಟಿ, ಅದರ ಹೆಸರಿನಲ್ಲಿ ಹೊಸ ಪುಟವನ್ನು ಅಂದೇ ತೆರೆಯಿರಿ.